ಮೂರು ಸಿಲಿಂಡರಿಗೆ ಮೂರು ಜಾತಿ ಪ್ಲಗ್: ಹಳೆಯ ಮಾರುತಿ 800ಕ್ಕೆ ಸರಿಯಾದ ಸ್ಪಾರ್ಕ್ ಪ್ಲಗ್ ಆರಿಸಿ ಕೂರಿಸಿದ್ದು

ಗಾಡಿ: ಕಾರ್ಬ್ಯುರೇಟರ್ ಇರುವ ಮಾರುತಿ 800. ಎಫ್8ಬಿ ಎಂಜಿನ್, 796 ಸಿಸಿ, ಮೂರು ಸಿಲಿಂಡರ್, ಅಲ್ಯೂಮಿನಿಯಂ ಹೆಡ್ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ). ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಭಾಗ) ಇದೆ, ಚೋಕ್ (ತಣ್ಣನೆಯ ಎಂಜಿನ್ ಶುರುವಾಗಲು ಗಾಳಿ ತಡೆಯುವ ತಗಡು) ಕೈಯಲ್ಲಿ ಎಳೆಯುವಂಥದ್ದು.

ದೂರು: ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕು. ನಿಂತಲ್ಲೇ ಸ್ಟೇರಿಂಗ್ ನಡುಗುತ್ತದೆ. ಏರಿನಲ್ಲಿ ಮೂರನೇ ಗೇರಿಗೆ ಮಿಸ್ಸಿಂಗ್ (ಕಿಡಿ ತಪ್ಪಿ ಎಂಜಿನ್ ಮುಗ್ಗರಿಸುವುದು). ಸೈಲೆನ್ಸರ್ ಬಾಯಿಯಲ್ಲಿ ಹಸಿ ಪೆಟ್ರೋಲ್ ವಾಸನೆ.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಪ್ಲಗ್ ಆಗಾಗ ಕೈಕೊಟ್ಟರೂ ಓಡಿಸುವವರಿಗೆ ಒಮ್ಮೊಮ್ಮೆ ತಿಳಿಯುವುದಿಲ್ಲ. ಮೂರರದ್ದು ಹಾಗಲ್ಲ, ಒಂದು ಹೋದರೆ ಮೂರನೇ ಒಂದು ಭಾಗ ಎಳೆತವೇ ಹೋದಂತೆ. ಯಾವುದು ಹೋಗಿದೆ ಎಂದು ಹುಡುಕುವುದೂ ಸುಲಭ: ಎಂಜಿನ್ ಆನ್ ಇರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರಿನ ಟೋಪಿ ಎತ್ತಿ, ಹೆಡ್ಡಿಗೆ ತಾಗಿಸಿ ಹಿಡಿಯಿರಿ. ಯಾವುದನ್ನು ಎತ್ತಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಇಲ್ಲಿ ಎರಡನೆಯದು ಪೂರಾ ಸತ್ತಿತ್ತು. ಮೂರನೆಯದು ನಿಂತಲ್ಲಿ ಓಡುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ತಪ್ಪುತ್ತಿತ್ತು. (ಟೋಪಿಯನ್ನು ಗಾಳಿಯಲ್ಲಿ ಹಾಗೇ ಬಿಡಬಾರದು. ಕಿಡಿಗೆ ದಾರಿ ಸಿಗದೆ, ಕಿಡಿಯ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಒಳಗೇ ಸುಡಬಹುದು.)

ಬಿಚ್ಚುವಾಗ

ಎಂಜಿನ್ ಪೂರ್ತಿ ತಣ್ಣಗಾಗಬೇಕು. ಬಿಸಿ ಅಲ್ಯೂಮಿನಿಯಂ ಹೆಡ್ಡಿನಿಂದ ಉಕ್ಕಿನ ಪ್ಲಗ್ ತಿರುಗಿಸಿದರೆ ಥ್ರೆಡ್ ಜೊತೆಗೇ ಕಿತ್ತು ಬರುವುದುಂಟು. ವೈರ್ ಕೀಳುವಾಗ ಟೋಪಿ ಹಿಡಿದು ಕೀಳಬೇಕು, ವೈರ್ ಹಿಡಿದಲ್ಲ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) 1-3-2; ಟೈಮಿಂಗ್ ಬೆಲ್ಟ್ ಇರುವ ಕಡೆಯದು ಒಂದನೇ ಸಿಲಿಂಡರ್. ವೈರುಗಳಿಗೆ ಟೇಪ್ ಅಂಟಿಸಿ ಗುರುತು ಹಾಕಿಕೊಂಡರೆ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಪ್ಲಗ್ ಸುತ್ತಲಿನ ಗುಂಡಿಯಲ್ಲಿ ಮಣ್ಣು, ಎಣ್ಣೆ ಜಿಡ್ಡು ಕೂತಿರುತ್ತದೆ. ಮೊದಲು ಅರ್ಧ ಸುತ್ತು ಸಡಿಲ ಮಾಡಿ, ಗಾಳಿ ಊದಿ, ಆಮೇಲೆ ಪೂರ್ತಿ ಬಿಚ್ಚಿ. ಇಲ್ಲದಿದ್ದರೆ ಆ ಮರಳೆಲ್ಲ ಸಿಲಿಂಡರಿಗೆ ಬೀಳುತ್ತದೆ. ಬೇಕಾದ ಸಾಕೆಟ್ಟು 20.8 ಎಂಎಂ, ಅಂಗಡಿಯಲ್ಲಿ 21ರದ್ದು ಎಂದು ಕೇಳಿದರೆ ಕೊಡುತ್ತಾರೆ. ಒಳಗೆ ರಬ್ಬರ್ ಇರುವುದನ್ನೇ ತೆಗೆದುಕೊಳ್ಳಿ. ಈಚಿನ ಬಹುತೇಕ ಎಂಜಿನ್‌ಗಳಿಗೆ 16 ಅಥವಾ 14 ಎಂಎಂ ಸಾಕೆಟ್ಟು ಬೇಕಾಗುತ್ತದೆ, ಅವುಗಳ ಮಾತು ಬೇರೆ.

ತೆಗೆದ ಪ್ಲಗ್ಗುಗಳನ್ನು ಯಾವ ತೂತಿನದು ಯಾವುದು ಎಂದು ತಿಳಿಯುವಂತೆ ಸಾಲಾಗಿ ಇಡಿ. ಹೊಸದನ್ನು ಆರಿಸುವ ಕೆಲಸ ಶುರುವಾಗುವುದು ಅಂಗಡಿಯಲ್ಲಲ್ಲ, ಈ ಸಾಲಿನಲ್ಲಿ.

ಹೊರಬಂದ ಮೂರು

ಒಂದನೆಯದು ಬಾಷ್ ಡಬ್ಲ್ಯುಆರ್7ಡಿಸಿ. ತುದಿಯ ಮೇಲೆ ಒಣ ಮಸಿ, ಬೆರಳಿಗೆ ಕಾಡಿಗೆಯಂತೆ ಅಂಟುತ್ತದೆ. ಎಲೆಕ್ಟ್ರೋಡಿನ ಅಂಚು ಸವೆದು ದುಂಡಗಾಗಿದೆ. ಗ್ಯಾಪು (ಕಿಡಿ ಹಾರುವ ಎರಡು ಎಲೆಕ್ಟ್ರೋಡುಗಳ ನಡುವಿನ ಸಂದು) 1.0 ಎಂಎಂ ದಾಟಿದೆ. ಜಾತಿ ಸರಿ, ವಯಸ್ಸಾಗಿದೆ ಅಷ್ಟೆ.

ಎರಡನೆಯದು ಎನ್‌ಜಿಕೆ ಬಿಪಿಆರ್7ಎಚ್‌ಎಸ್. ಒದ್ದೆ, ಪೆಟ್ರೋಲ್ ವಾಸನೆ, ಕಪ್ಪು. ಪಕ್ಕದ ಪ್ಲಗ್ಗಿಗೆ ಹಿಡಿದು ನೋಡಿದರೆ ಥ್ರೆಡ್ಡಿನ ಭಾಗ ಸಾಫಾಗಿ ಗಿಡ್ಡ. ಟೂ-ಸ್ಟ್ರೋಕ್ ಗಾಡಿಗಳಿಗೆ ಹೋಗುವ ಜಾತಿ ಇದು.

ಮೂರನೆಯದು ಎನ್‌ಜಿಕೆ ಬಿಪಿಆರ್6ಇಎಸ್. ತುದಿ ಪರವಾಗಿಲ್ಲ. ಆದರೆ ಹೊರಗಿನ ಬಿಳಿ ಪಿಂಗಾಣಿಯ ಮೇಲೆ, ಟೋಪಿಯ ಒಳಗೆ ಅಡಗುವ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ ಎಳೆದಂಥ ಒಂದು ಕಪ್ಪು ಗೆರೆ ಮೇಲಿನಿಂದ ಕೆಳಗೆ ಇಳಿದಿದೆ. ಕಿಡಿ ಗ್ಯಾಪಿನಲ್ಲಿ ಹಾರದೆ ಹೊರಗಿನಿಂದಲೇ ಹೆಡ್ಡಿಗೆ ಹರಿದ ದಾರಿ ಅದು. ಒತ್ತಡ ಕಡಿಮೆ ಇರುವ ಐಡ್ಲಿಂಗಿನಲ್ಲಿ ಒಳಗೇ ಹಾರುತ್ತದೆ, ಆಕ್ಸಿಲರೇಟರ್ ಒತ್ತಿ ಸಿಲಿಂಡರಿನ ಒತ್ತಡ ಏರಿದ ಕೂಡಲೇ ಹೊರಗಿನ ಸುಲಭದ ದಾರಿ ಹಿಡಿಯುತ್ತದೆ. ಏರಿನ ಮಿಸ್ಸಿಂಗ್ ಇದೇ. ಟೋಪಿಯ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಅದೇ ಗೆರೆಯ ಜೋಡಿ ರಬ್ಬರಿನ ಮೇಲೂ ಇತ್ತು. ಇಲ್ಲಿ ಬಹಳ ಜನ ಎಡವುತ್ತಾರೆ: ಪ್ಲಗ್ ಮಾತ್ರ ಬದಲಿಸಿ ಟೋಪಿ ಹಾಗೇ ಬಿಟ್ಟರೆ ಕೆಲವೇ ದಿನದಲ್ಲಿ ಹೊಸ ಪ್ಲಗ್ಗಿನ ಮೇಲೂ ಗೆರೆ ಬೀಳುತ್ತದೆ, ಆಮೇಲೆ ಬೈಗುಳ ಪ್ಲಗ್ ಕಂಪನಿಗೆ.

ಪಿಂಗಾಣಿ ಲೋಹಕ್ಕೆ ಸೇರುವ ಜಾಗದಲ್ಲಿ ಕಂದು ಬಣ್ಣದ ಉಂಗುರ ಕಂಡರೆ ಮಾತ್ರ ಹೆದರಬೇಕಿಲ್ಲ. ಅದು ಅಧಿಕ ವೋಲ್ಟೇಜಿನಿಂದ ಗಾಳಿಯಲ್ಲಿನ ಎಣ್ಣೆಯ ಕಣ ಬಂದು ಅಂಟಿದ ಕಲೆ. ಗ್ಯಾಸ್ ಲೀಕ್ ಎಂದು ಒಳ್ಳೆಯ ಪ್ಲಗ್ಗುಗಳನ್ನು ಎಸೆಯುವುದು ಈ ಕಲೆ ನೋಡಿಯೇ.

ಏಳು ನಂಬರ್ ಅಂದರೆ ಯಾರ ಏಳು?

ಎರಡನೇ ಸಿಲಿಂಡರಿಗೆ ಆ ಗಿಡ್ಡ ಪ್ಲಗ್ ಹೇಗೆ ಬಂತು ಎನ್ನುವುದಕ್ಕೆ ಉತ್ತರ ಒಂದನೆಯದರ ಮೇಲೇ ಬರೆದಿದೆ. ಡಬ್ಲ್ಯುಆರ್7ಡಿಸಿ ನೋಡಿ ಅಂಗಡಿಗೆ ಹೋಗಿ "14 ಎಂಎಂ, 7 ನಂಬರ್" ಎಂದು ಕೇಳಿದರೆ ಇಂಥದ್ದು ಕೈಗೆ ಬರುವುದು ಸಹಜ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ದೆಸೆಯಿಂದ ಕರ್ನಾಟಕದ ಗ್ಯಾರೇಜುಗಳಲ್ಲಿ ಒಂದು ಕಾಲಕ್ಕೆ ಪ್ಲಗ್ ಅಂದರೆ ಮೈಕೊ ಪ್ಲಗ್ಗೇ. 2008ರಲ್ಲಿ ಮೈಕೊ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಬಾಷ್ ಲೆಕ್ಕದಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ಹಾಟ್, ಅಂದರೆ ತುದಿ ಹೆಚ್ಚು ಬಿಸಿಯಾಗಿ ಉಳಿಯುವಂಥದ್ದು. ಎನ್‌ಜಿಕೆ, ಡೆನ್ಸೊ ಲೆಕ್ಕ ಇದಕ್ಕೆ ತಿರುಗುಮುರುಗು: ನಂಬರ್ ಹೆಚ್ಚಾದಷ್ಟೂ ಕೋಲ್ಡ್. ಚಾಂಪಿಯನ್ ಮತ್ತೆ ಬಾಷ್‌ನ ದಿಕ್ಕು. ಬಾಷ್‌ನ 7ಕ್ಕೆ ಸಮ ಎನ್‌ಜಿಕೆಯ 6. ಬಾಷ್‌ನ 8ಕ್ಕೆ ಸಮ ಎನ್‌ಜಿಕೆಯ 5. ಡೆನ್ಸೊದಲ್ಲಿ ಅವೇ 20 ಮತ್ತು 16. ಆದ್ದರಿಂದ ಬಾಷ್ ಡಬ್ಲ್ಯುಆರ್7ಡಿಸಿ, ಎನ್‌ಜಿಕೆ ಬಿಪಿಆರ್6ಇಎಸ್, ಡೆನ್ಸೊ ಡಬ್ಲ್ಯು20ಇಪಿಆರ್-ಯು, ಚಾಂಪಿಯನ್ ಆರ್‌ಎನ್9ವೈಸಿ, ಈ ನಾಲ್ಕೂ ಒಂದೇ ಕೆಲಸದವು. ಬರೀ ಅಂಕಿ ಹೇಳಿ ಪ್ಲಗ್ ಕೇಳಬೇಡಿ. ಪೂರ್ತಿ ಕೋಡ್ ಹೇಳಿ, ಆಗದಿದ್ದರೆ ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ.

ಬಿಪಿಆರ್6ಇಎಸ್ ಬಿಡಿಸಿದರೆ: ಬಿ ಅಂದರೆ 14 ಎಂಎಂ ಥ್ರೆಡ್, 20.8 ಎಂಎಂ ಷಟ್ಕೋನ. ಪಿ ಅಂದರೆ ಪಿಂಗಾಣಿಯ ತುದಿ ಲೋಹದ ಕವಚದಿಂದ ಮುಂದೆ ಚಾಚಿದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. 6 ಹೀಟ್ ರೇಂಜ್, ಅಂದರೆ ಹಾಟ್-ಕೋಲ್ಡ್ ನಂಬರ್. ಇ ಅಂದರೆ ಥ್ರೆಡ್ಡಿನ ಉದ್ದ 19 ಎಂಎಂ. ಎಸ್ ಅಂದರೆ ತಾಮ್ರದ ತಿರುಳಿರುವ ಮಾಮೂಲಿ ಎಲೆಕ್ಟ್ರೋಡ್. ಕೊನೆಯಲ್ಲಿ -11 ಎಂದಿದ್ದರೆ ಗ್ಯಾಪು 1.1 ಎಂಎಂ.

ಇವುಗಳಲ್ಲಿ ಎಂದೂ ರಾಜಿ ಮಾಡಿಕೊಳ್ಳಬಾರದ್ದು ಉದ್ದ. ಬಿಪಿಆರ್7ಎಚ್‌ಎಸ್‌ನಲ್ಲಿ ಎಚ್ ಅಂದರೆ 12.7 ಎಂಎಂ. ಥ್ರೆಡ್ ಒಂದೇ, ಸ್ಪ್ಯಾನರ್ ಒಂದೇ, ಆದ್ದರಿಂದ ಸಲೀಸಾಗಿ ಕೂರುತ್ತದೆ. ಆದರೆ ಕಿಡಿ ಹಾರುವುದು ತೂತಿನ ಒಳಗೇ, 6.3 ಎಂಎಂ ಹಿಂದೆ. ಪೆಟ್ರೋಲ್-ಗಾಳಿ ಅಲ್ಲಿಗೆ ಸರಿಯಾಗಿ ತಲುಪದು. ಖಾಲಿ ಉಳಿದ ಥ್ರೆಡ್ಡಿನಲ್ಲಿ ಮಸಿ ಗಟ್ಟಿಯಾಗುತ್ತದೆ, ಮುಂದೆ ಸರಿಯಾದ ಪ್ಲಗ್ ಹಾಕುವವರಿಗೆ ಅದು ಕಲ್ಲಿನಂತೆ ತಡೆಯುತ್ತದೆ. ತಿರುಗುಮುರುಗಾಗಿ, ಗಿಡ್ಡ ಹೆಡ್ಡಿಗೆ ಉದ್ದದ ಪ್ಲಗ್ ಹಾಕಿದರೆ ಪಿಸ್ಟನ್ ಬಂದು ಗುದ್ದುತ್ತದೆ. ಹಾಗೆ ನೋಡಿದರೆ ಈ ಗಾಡಿಯದು ಅದೃಷ್ಟ.

ರೆಸಿಸ್ಟರ್ ಇಲ್ಲದ್ದು ಹಾಕಿದರೆ ಇಂಥ ಹಳೆಯ ಎಂಜಿನ್ ಓಡುತ್ತದೆ, ರೇಡಿಯೊ ಕರಕರ ಎನ್ನುತ್ತದೆ. ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಗಾಡಿಯಲ್ಲಿ ಆ ಸಾಹಸ ಬೇಡ.

ಹಾಟ್, ಕೋಲ್ಡ್: ಕಿಡಿಗೂ ಇದಕ್ಕೂ ಸಂಬಂಧವಿಲ್ಲ

ಹಾಟ್ ಪ್ಲಗ್ ಅಂದರೆ ಬಿಸಿ ಕಿಡಿ ಕೊಡುವ ಪ್ಲಗ್ ಅಲ್ಲ. ತುದಿಯ ಪಿಂಗಾಣಿ ಉದ್ದವಾಗಿದ್ದರೆ ಬಿಸಿ ಹೆಡ್ಡಿಗೆ ಇಳಿಯಲು ದೂರದ ದಾರಿ, ತುದಿ ಬಿಸಿಯಾಗೇ ಉಳಿಯುತ್ತದೆ: ಹಾಟ್. ಗಿಡ್ಡವಾಗಿದ್ದರೆ ಬೇಗ ಇಳಿಯುತ್ತದೆ: ಕೋಲ್ಡ್. ಒಂದು ನಂಬರಿಗೆ ತುದಿಯ ಬಿಸಿಯಲ್ಲಿ ಸುಮಾರು 70ರಿಂದ 100 ಡಿಗ್ರಿ ವ್ಯತ್ಯಾಸ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಆಚೆ ಹೋದರೆ ಕಿಡಿಗೆ ಕಾಯದೆ ಕೆಂಡದಂತೆ ತಾನೇ ಪೆಟ್ರೋಲಿಗೆ ಬೆಂಕಿ ಹಚ್ಚಲು ಶುರು ಮಾಡುತ್ತದೆ. ಹಾಗಾದಾಗ ತೂತು ಬೀಳುವುದು ಪಿಸ್ಟನ್ನಿಗೆ.

ಇದರಿಂದ ಹುಟ್ಟುವ ಆಸೆ ಒಂದಿದೆ: ಪ್ಲಗ್ ಕಪ್ಪಾಗುತ್ತಿದೆಯಲ್ಲ, ಒಂದು ನಂಬರ್ ಹಾಟ್ ಹಾಕಿದರೆ ಮಸಿ ಸುಟ್ಟುಹೋಗುತ್ತದಲ್ಲ? ಹೋಗುತ್ತದೆ. ಆದರೆ ಮಸಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಜೊತೆಗೆ ಘಾಟಿ ಹತ್ತುವಾಗ ತುಂಬು ಲೋಡಿನಲ್ಲಿ ತುದಿ ಅಷ್ಟೇ ಡಿಗ್ರಿ ಹೆಚ್ಚು ಕಾಯುತ್ತದೆ. ಮಸಿಗೆ ಔಷಧ ಕಾರ್ಬ್ಯುರೇಟರಿನಲ್ಲಿ, ಪ್ಲಗ್ ಡಬ್ಬದಲ್ಲಲ್ಲ. ಇಲ್ಲಿ ಕಾರ್ಬ್ಯುರೇಟರ್ ಸರಿಪಡಿಸುವುದೆಂದು ಇಟ್ಟುಕೊಂಡು ಬಿಪಿಆರ್6ಇಎಸ್ ಮೂರು ತರಲಾಯಿತು. ನಿಮ್ಮ ಗಾಡಿಯ ಕೈಪಿಡಿ 5 ಎಂದರೆ 5ನ್ನೇ ಹಾಕಿ. ಕೈಪಿಡಿ ಬಿಟ್ಟು ಆಚೀಚೆ ಹೋಗಲು ನ್ಯಾಯವಾದ ಕಾರಣ ಒಂದೆರಡೇ. ಗ್ಯಾಸ್ ಕಿಟ್ ಹಾಕಿದ್ದು ಒಂದು. ಇದೇ ಎಂಜಿನ್ ಇರುವ ಎಲ್‌ಪಿಜಿ ಓಮ್ನಿಯಂಥವು ಸದಾ ಲೋಡಿನಲ್ಲಿ ಓಡುವುದಾದರೆ ಒಂದು ನಂಬರ್ ಕೋಲ್ಡ್, ಗ್ಯಾಪು 0.1 ಎಂಎಂ ಕಡಿಮೆ. ಗ್ಯಾಸಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು ಎಂಬುದೇ ಗ್ಯಾಪು ಇಳಿಸಲು ಕಾರಣ.

ಇರಿಡಿಯಂ ಹಾಕಬಹುದಿತ್ತೇ? ಬಿಪಿಆರ್6ಇಐಎಕ್ಸ್ ಸಿಗುತ್ತದೆ, ಅಳತೆಯೆಲ್ಲ ಒಂದೇ. ಮಾಮೂಲಿ ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ 2.5 ಎಂಎಂ ದಪ್ಪ, ಇದರದ್ದು 0.6. ಸಪೂರ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ, ಚಳಿಯಲ್ಲಿ ಸ್ಟಾರ್ಟಿಂಗ್ ಚೆನ್ನ. ಪವರ್ ಹೆಚ್ಚುತ್ತದೆ, ಮೈಲೇಜ್ ಏರುತ್ತದೆ ಎಂಬುದನ್ನು ಈ ಎಂಜಿನ್ನಿನ ಮಟ್ಟಿಗೆ ನಂಬಬೇಡಿ. ಪ್ಲಗ್ಗುಗಳು ಕೈಗೆ ಸಿಗುವಂತೆ ಮೇಲೇ ಇರುವ ಎಂಜಿನ್ನಿನಲ್ಲಿ ಮಾಮೂಲಿ ನಿಕ್ಕಲ್ ಪ್ಲಗ್ಗನ್ನು 20,000 ಕಿ.ಮೀ.ಗೊಮ್ಮೆ ಬದಲಿಸುವುದೇ ಲೆಕ್ಕಕ್ಕೆ ಸರಿ. ಕಂಪನಿಯಿಂದಲೇ ಇರಿಡಿಯಂ ಬಂದ ಗಾಡಿಗೆ ಅಗ್ಗದ್ದು ಹಾಕುವುದು ಮಾತ್ರ ಬೇರೆ ತಪ್ಪು.

ನಕಲಿಯ ಬಗ್ಗೆ: ವಾಷರ್ ಹಿಡಿದು ತಿರುಗಿಸಿ. ಅಸಲಿಯಲ್ಲಿ ಅದು ಸಲೀಸಾಗಿ ಥ್ರೆಡ್ ದಾಟಿ ಕೈಗೆ ಬರುವುದಿಲ್ಲ. ಎರಡು ಎಲೆಕ್ಟ್ರೋಡೂ ನೆಟ್ಟಗೆ ಎದುರುಬದುರು ಇವೆಯೇ, ಪಿಂಗಾಣಿಯ ಮೇಲಿನ ಅಕ್ಷರ ಉಗುರಿಗೆ ಏಳುತ್ತದೆಯೇ ನೋಡಿ. ಮಲ್ಟಿಮೀಟರ್ ಇದ್ದರೆ ಮೇಲಿನ ತುದಿಯಿಂದ ನಡುವಿನ ಎಲೆಕ್ಟ್ರೋಡಿಗೆ ಅಳೆಯಿರಿ. ರೆಸಿಸ್ಟರ್ ಪ್ಲಗ್ 5 ಕಿಲೊಓಮ್ ಆಸುಪಾಸು ತೋರಿಸಬೇಕು.

ಎರಡನೇ ತೂತಿನ ಮಸಿ

ಹೊಸ ಪ್ಲಗ್ ಕೈಯಲ್ಲಿ ತಿರುಗಿಸಿದರೆ ಒಂದು ಮತ್ತು ಮೂರನೇ ತೂತಿಗೆ ವಾಷರಿನವರೆಗೂ ಇಳಿಯಿತು. ಎರಡನೆಯದರಲ್ಲಿ ಮುಕ್ಕಾಲು ದಾರಿಗೆ ನಿಂತಿತು. ನಿರೀಕ್ಷಿಸಿದ್ದೇ. ಇಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಹೆಡ್ ಹೋಯಿತು ಅಂತಲೇ ಲೆಕ್ಕ.

14 x 1.25ರ ಥ್ರೆಡ್ ಚೇಸರ್ ಬೇಕು. ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಅಲ್ಲ, ಇದ್ದದ್ದನ್ನು ಬಿಡಿಸುವ ಚೇಸರ್. ಅದರ ಕಾಲುವೆಗಳಲ್ಲಿ ಗಟ್ಟಿ ಗ್ರೀಸ್ ತುಂಬಿ, ಕೈಯಲ್ಲಿ ಶುರು ಮಾಡಿ, ಕಾಲು ಸುತ್ತು ಮುಂದೆ, ತುಸು ಹಿಂದೆ. ಎರಡು ಸುತ್ತಿಗೊಮ್ಮೆ ಹೊರತೆಗೆದು ಮಸಿ ಅಂಟಿದ ಗ್ರೀಸ್ ಒರೆಸಿ, ಹೊಸದು ತುಂಬಬೇಕು. ಇಲ್ಲಿ ಐದು ಸಲ ಹಿಡಿಯಿತು. ಕೊನೆಯಲ್ಲಿ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರ್ ಕಿತ್ತು ಹೆಡ್ಡಿಗೆ ಅರ್ತ್ ಮಾಡಿ, ಮೂರೂ ತೂತು ಬಿಚ್ಚಿಟ್ಟು, ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆದರೆ ಉಳಿದ ಪುಡಿ ಹೊರಗೆ ಹಾರುತ್ತದೆ. ಮುಖ ದೂರ ಇಟ್ಟುಕೊಳ್ಳಿ. ಪೆಟ್ರೋಲ್ ಆವಿಯೂ ಬರುವುದರಿಂದ ಕಿಡಿಯ ದಾರಿ ಮುಚ್ಚದೆ ಇದನ್ನು ಮಾಡಲೇಬೇಡಿ.

ಪ್ಲಗ್ಗಿಲ್ಲದ ಈ ಹೊತ್ತಿನಲ್ಲೇ ಕಂಪ್ರೆಷನ್ (ಸಿಲಿಂಡರ್ ಕಟ್ಟುವ ಒತ್ತಡ) ನೋಡಿಕೊಳ್ಳುವುದು ಜಾಣತನ. ಮೂರರ ನಡುವಿನ ವ್ಯತ್ಯಾಸ ಚದರ ಸೆಂ.ಮೀ.ಗೆ 1 ಕೆಜಿಯೊಳಗಿದ್ದರೆ ಮುಂದುವರಿಯಬಹುದು. ಇಲ್ಲಿ ಅಷ್ಟರೊಳಗೇ ಇತ್ತು.

ಗ್ಯಾಪು, ಬಿಗಿ

ಈ ಕಾರ್ಬ್ಯುರೇಟರ್ ಎಂಜಿನ್ನಿಗೆ ಗ್ಯಾಪು 0.7ರಿಂದ 0.8 ಎಂಎಂ. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 1.0-1.1 ಇರುವುದನ್ನು ನೋಡಿ ಇಲ್ಲಿಗೂ ಅಷ್ಟೇ ಇಟ್ಟರೆ ಹಳೆಯ ಕಾಯಿಲಿಗೆ ಭಾರ. ಗ್ಯಾಪು ಹೆಚ್ಚಾದಷ್ಟೂ ಬೇಕಾಗುವ ವೋಲ್ಟೇಜ್ ಏರುತ್ತದೆ, ಪ್ಲಗ್ಗಿನಲ್ಲಿ ಹಾರಲಾಗದ ಕಿಡಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಬಿರುಕಿನಲ್ಲೋ ಟೋಪಿಯಲ್ಲೋ ಹಾರುತ್ತದೆ. ಮೂರನೇ ಪ್ಲಗ್ಗಿನ ಕಪ್ಪು ಗೆರೆಯಂಥದ್ದು ಹುಟ್ಟುವ ರೀತಿಯೇ ಇದು.

ಡಬ್ಬದಿಂದ ತೆಗೆದ ಮೂರರಲ್ಲಿ ಒಂದು 0.7 ಕೂಡ ಇರಲಿಲ್ಲ. ಎಲ್ಲೋ ಬಿದ್ದು ಬಾಗಿದ್ದಿರಬೇಕು. ಹೊಸದು ಎಂದು ನಂಬದೆ ಫೀಲರ್ ಗೇಜ್ (ಅಳತೆಯ ತೆಳು ಉಕ್ಕಿನ ಎಲೆಗಳ ಕಟ್ಟು) ಹಾಕಿ. 0.8ರ ಎಲೆ ತುಸು ಉಜ್ಜಿಕೊಂಡು ಹೋಗಬೇಕು. ಬಗ್ಗಿಸುವುದು ಹೊರಗಿನ ಎಲೆಕ್ಟ್ರೋಡನ್ನು ಮಾತ್ರ. ನಡುವಿನದಕ್ಕೆ ಸ್ಕ್ರೂಡ್ರೈವರ್ ಊರಿ ಮೀಟಿದರೆ ಪಿಂಗಾಣಿ ಕಾಣದಂತೆ ಬಿರುಕು ಬಿಡುತ್ತದೆ. ಇರಿಡಿಯಂ ಆದರೆ ತುದಿಯೇ ಮುರಿಯುತ್ತದೆ. ತಲೆಯ ಮೇಲಿನ ಸಣ್ಣ ನಟ್ಟು ಸಡಿಲವಿದ್ದರೆ ಇಕ್ಕಳದಲ್ಲಿ ಬಿಗಿ ಮಾಡಿ. ಅದು ಸಡಿಲವಿದ್ದು ಬರುವ ಮಿಸ್ಸಿಂಗ್ ಹುಡುಕಲು ಅರ್ಧ ದಿನ ಹೋಗುತ್ತದೆ.

ಕೂರಿಸಲು ಒಂದು ಗೇಣು ಪೆಟ್ರೋಲ್ ಪೈಪ್ ಸಾಕು. ಪ್ಲಗ್ಗಿನ ತಲೆಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪೇ ಜಾರುತ್ತದೆ, ಹೆಡ್ ಉಳಿಯುತ್ತದೆ. ಥ್ರೆಡ್ಡಿಗೆ ಗ್ರೀಸ್, ಎಣ್ಣೆ ಏನೂ ಬೇಡ. ಹಚ್ಚಿದರೆ ಅದೇ ಟಾರ್ಕಿಗೆ ಪ್ಲಗ್ ಇನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಟಾರ್ಕ್ ರೆಂಚ್ ಇದ್ದರೆ 25ರಿಂದ 30 ನ್ಯೂಟನ್ ಮೀಟರ್. ಇಲ್ಲದಿದ್ದರೆ ಗಡಿಯಾರದ ದೊಡ್ಡ ಮುಳ್ಳನ್ನು ನೆನೆಸಿಕೊಳ್ಳಿ: ಬೆರಳಲ್ಲಿ ವಾಷರ್ ತಾಗುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಹೊಸ ವಾಷರಿಗೆ 30ರಿಂದ 40 ನಿಮಿಷದಷ್ಟು ತಿರುವು, ಒಮ್ಮೆ ಬಳಸಿ ಚಪ್ಪಟೆಯಾದ ವಾಷರಿಗೆ 5 ನಿಮಿಷದಷ್ಟು. ಸಡಿಲ ಬಿಟ್ಟರೂ ಕೆಡುಕೇ. ತುದಿಯ ಬಿಸಿಯ ಬಹುಪಾಲು ಹೆಡ್ಡಿಗೆ ಇಳಿಯುವುದು ಥ್ರೆಡ್ ಮತ್ತು ಈ ವಾಷರಿನ ಮೂಲಕ, ಸಡಿಲವಿದ್ದರೆ ಸರಿಯಾದ ಪ್ಲಗ್ಗೂ ಹಾಟ್ ಪ್ಲಗ್ಗಿನಂತೆ ನಡೆದುಕೊಳ್ಳುತ್ತದೆ.

ವೈರುಗಳು ಮೂರೂ ಹೊಸವು. ಒಂದಕ್ಕೆ ಮಾತ್ರ ಟೋಪಿ ಬದಲಿಸುವ ಜಿಪುಣತನ ಇಲ್ಲಿ ಬೇಡ.

60 ಕಿ.ಮೀ., ಆಮೇಲೆ 500

ಸ್ಟಾರ್ಟಿಂಗ್ ಒಂದೇ ಸೆಲ್ಫಿಗೆ. ನಡುಕ ಹೋಯಿತು, ಏರಿನ ಮಿಸ್ಸಿಂಗ್ ಹೋಯಿತು. ಇಲ್ಲಿಗೆ ಕೆಲಸ ಮುಗಿಯಿತು ಎಂದು ಬಾನೆಟ್ ಮುಚ್ಚುವವರೇ ಹೆಚ್ಚು. 60 ಕಿ.ಮೀ. ಆದ ಮೇಲೆ ಬಿಚ್ಚಿದರೆ ಮೂರರ ಮೇಲೂ ಒಂದೇ ಸಮ ಒಣ ಮಸಿ. ಒಂದರಲ್ಲಿ ಮಾತ್ರ ಮಸಿ ಇದ್ದರೆ ಆ ಸಿಲಿಂಡರಿನ ದೋಷ. ಮೂರರಲ್ಲೂ ಸಮವಾಗಿದ್ದರೆ ಮೂರಕ್ಕೂ ಸೇರಿದ ಒಂದೇ ಜಾಗದ್ದು. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರಿನ ಬಾಯಿ ನೋಡಿದಾಗ ಚೋಕಿನ ನಾಬ್ ಪೂರ್ತಿ ಒಳಗಿದ್ದರೂ ತಗಡು ನೆಟ್ಟಗೆ ನಿಂತಿರಲಿಲ್ಲ, ಓರೆಯಾಗಿ ಗಾಳಿಯ ದಾರಿಯನ್ನು ಮುಚ್ಚಿಕೊಂಡಿತ್ತು. ಕೇಬಲ್ ಕವಚದೊಳಗೆ ತುಕ್ಕು ಹಿಡಿದು ಹಿಂದಕ್ಕೆ ಸರಿಯುತ್ತಿರಲಿಲ್ಲ. ಹೊಸ ಕೇಬಲ್, ಹೊಸ ಫಿಲ್ಟರ್, ಮಿಕ್ಸ್ಚರ್ ಸ್ಕ್ರೂ ಹೊಂದಿಸಿದ್ದು, ಅಷ್ಟೆ. ಪ್ಲಗ್ಗುಗಳನ್ನು ಉಜ್ಜಲಿಲ್ಲ. ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಲೋಹದ ಗೀರು ಪಿಂಗಾಣಿಯ ಮೇಲೆ ಉಳಿದು ಕಿಡಿಗೆ ಕಳ್ಳದಾರಿಯಾಗುತ್ತದೆ. ತುದಿ ಬಿಸಿಯಾದರೆ ಮಸಿ ತಾನೇ ಸುಡುತ್ತದೆ.

500 ಕಿ.ಮೀ.ಗೆ ಮತ್ತೆ ನೋಡುವಾಗ ಹೈವೇಯಲ್ಲಿ ಹತ್ತು ಕಿ.ಮೀ. ಎಳೆಸಿ, ಓಡುತ್ತಿರುವಾಗಲೇ ಕ್ಲಚ್ ಒತ್ತಿ ಎಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸಲಾಯಿತು. ಕೀ ಹೊರಗೆ ತೆಗೆಯಬಾರದು, ಸ್ಟೇರಿಂಗ್ ಲಾಕ್ ಬೀಳುತ್ತದೆ. ಹಿಂದೆ ಮುಂದೆ ಗಾಡಿಯಿಲ್ಲದ ನೆಟ್ಟಗಿನ ದಾರಿಯಲ್ಲಷ್ಟೇ ಇದು. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತು ಬಂದ ಪ್ಲಗ್ ಯಾವಾಗಲೂ ಕಪ್ಪಗೇ ಕಾಣುತ್ತದೆ, ಅದನ್ನು ಓದಿ ಪ್ರಯೋಜನವಿಲ್ಲ. ತಣಿದ ಮೇಲೆ ಬಿಚ್ಚಿದಾಗ ಒಂದು ಮತ್ತು ಮೂರು ಹುರಿಹಿಟ್ಟಿನ ಬಣ್ಣ, ಇರಬೇಕಾದ್ದೇ ಅದು; ಎರಡನೆಯದು ಒಂದು ಛಾಯೆ ಗಾಢ. ಗ್ಯಾಪು ಮೂರರದ್ದೂ 0.8. ಇನ್ನು 10,000 ಕಿ.ಮೀ.ಗೆ ಗ್ಯಾಪು ನೋಡಿದರೆ ಸಾಕು. ಸಾವಿರ ಕಿ.ಮೀ.ಗೆ ಸುಮಾರು 0.01ರಿಂದ 0.02 ಎಂಎಂ ಸವೆಯುವುದು ಸಹಜ.

ಗಿಡ್ಡದ್ದೂ ಗೆರೆ ಬಿದ್ದದ್ದೂ ಗುಜರಿಗೆ. ಒಂದನೇ ಸಿಲಿಂಡರಿನ ಹಳೆಯ ಡಬ್ಲ್ಯುಆರ್7ಡಿಸಿ ಮಾತ್ರ ಗ್ಯಾಪು 0.8ಕ್ಕೆ ಇಳಿಸಿಕೊಂಡು, 21ರ ಸಾಕೆಟ್ಟಿನ ಜೊತೆ ಡಿಕ್ಕಿಯ ಟೂಲ್ ಚೀಲಕ್ಕೆ ಸೇರಿತು. ದಾರಿಯಲ್ಲಿ ಹಾಕಬೇಕಾಗಿ ಬಂದರೆ ವಾಷರ್ ಹಳೆಯದು, 5 ನಿಮಿಷದ ತಿರುವು ಸಾಕು.